ಗೃಹಪ್ರವೇಶದ ಪೇಟ

ಕೊಡಿಗೇಹಳ್ಳಿಯ ಶ್ರೀರಾಮಪ್ಪನ ನೆಂಟರಿಷ್ಟರಲ್ಲಿ ಯಾರೇ ಮನೆ ಕಟ್ಟಿಸಲಿ, ಗೃಹಪ್ರವೇಶದ ದಿನ ನಕ್ಷೆ ಹಾಕಿದವನಿಗೆ ಮೈಸೂರು ಪೇಟ ತೊಡಿಸಿ ಶಾಲು ಹೊದಿಸುತ್ತಾರೆ. ಊಟಕ್ಕೆ ಬಂದವರು ಪಾಯಸಕ್ಕಿಂತ ಮೊದಲು ನೋಡುವುದು ಆ ಪೇಟ ಯಾರ ತಲೆಯ ಮೇಲಿದೆ ಅಂತ. ಮುಂದಿನ ಮನೆ ಸಿಗುವುದೂ ಆ ತಲೆಗೇ. ಪದವಿ, ಅನುಭವ ಎಲ್ಲ ಆಮೇಲೆ, ಅದೂ ಯಾರಾದರೂ ಕೇಳಿದರೆ.

ಈ ಬಳಗದ ಹುಡುಗಿ ತೇಜಸ್ವಿನಿ. ಅಲ್ಲಾಳಸಂದ್ರದಲ್ಲಿ ಬೆಳೆದು ಆರ್ಕಿಟೆಕ್ಟ್ ಆದವಳು. ಓದು ಮುಗಿಸಿ ಹೆಬ್ಬಾಳದ ಒಂದು ದೊಡ್ಡ ಆಫೀಸು ಸೇರಿದಳು. ಅಲ್ಲಿ ಗಂಡು ಹುಡುಗರಿಗೆ ಗಗನಚುಂಬಿ ಕಟ್ಟಡಗಳನ್ನು ಕೊಟ್ಟರು, ಇವಳಿಗೆ ಅವುಗಳ ಶೌಚಾಲಯ ಕೊಟ್ಟರು. ವರ್ಷಗಟ್ಟಲೆ ಅವುಗಳ ನಕ್ಷೆಯನ್ನೇ ಬರೆದಳು. ಏರ್‌ಪೋರ್ಟ್ ರಸ್ತೆಯ ಉದ್ದಕ್ಕೂ ಇವತ್ತು ಎಷ್ಟೋ ಗಣ್ಯರು ನೆಮ್ಮದಿಯಾಗಿ ಕೂತು ಏಳುತ್ತಿದ್ದಾರೆಂದರೆ ಅದು ಇವಳ ಪುಣ್ಯ. ಒಂದು ದಿನ ಇವಳ ಮಾತಿನಲ್ಲಿ ‘ಇಂಗೆ’, ‘ಅಂಗೆ’ ಕೇಳಿದ ಸಾಹೇಬರಿಗೆ ಜ್ಞಾನೋದಯವಾಯಿತು: ಹುಡುಗಿ ಲೋಕಲ್, ಮೇಸ್ತ್ರಿಗಳ ಜೊತೆ ಮಾತಾಡಲು ಸರಿಯಾದವಳು. ಸೈಟಿಗೆ ಹೋದರೆ ಮೇಸ್ತ್ರಿಗಳು ಸಾರ್ ಬರಲಿ ಅಂತ ಬೀಡಿ ಹಚ್ಚಿ ಕೂತರು. ಊರಿನವಳೆಂದು ಆಫೀಸು ಹೊರಗೆ ಕಳಿಸುವುದು, ಹೆಂಗಸೆಂದು ಸೈಟು ವಾಪಸು ಕಳಿಸುವುದು. ಹೀಗೆ ಅತ್ತಿತ್ತ ಓಡಾಡಿ ಅವಳಿಗೆ ಹೆಬ್ಬಾಳದ ಫ್ಲೈಓವರಿನ ಅನುಭವ ಧಾರಾಳವಾಗಿ ಆಯಿತು.

ಕೊನೆಗೆ ಕೆಲಸ ಬಿಟ್ಟು ಸ್ವಂತ ಬೋರ್ಡು ಹಾಕಿಕೊಂಡಳು. ಸಿಕ್ಕಿದ ಮೊದಲ ಮನೆ ಶ್ರೀರಾಮಪ್ಪನದೇ, ಸಂಬಂಧದಲ್ಲಿ ದೊಡ್ಡಪ್ಪ. ಎರಡನೆಯದು ಎಲ್ಲೂ ಕಾಣುತ್ತಿರಲಿಲ್ಲ. ಪೇಟ ತನ್ನ ತಲೆಗೆ ಬಂದರೆ ಬೋರ್ಡು ಉಳಿಯುತ್ತದೆ, ಬರದಿದ್ದರೆ ಮತ್ತೆ ಹೆಬ್ಬಾಳ, ಮತ್ತೆ ಶೌಚಾಲಯ. ಇಷ್ಟು ಅವಳಿಗೆ ಸ್ಪಷ್ಟವಿತ್ತು.

ಶ್ರೀರಾಮಪ್ಪ ಒಳ್ಳೆಯ ಮನುಷ್ಯ. ಹೆಣ್ಣುಮಕ್ಕಳೆಂದರೆ ಎಷ್ಟು ಗೌರವವೆಂದರೆ, ಕೆಲಸದ ವಿಷಯವಾಗಿ ಅವರ ಜೊತೆ ಮಾತೇ ಆಡುತ್ತಿರಲಿಲ್ಲ. ಆಡುತ್ತಿದ್ದುದು ಅವಳ ಗಂಡ ವಾಸು ಜೊತೆ. ವಾಸುವಿಗೆ ಯಲಹಂಕದಲ್ಲಿ ಕನ್ನಡಕದ ಅಂಗಡಿ. ಕಟ್ಟಡದ ವಿದ್ಯೆಯಲ್ಲಿ ಅವನು ಕಂಬ ನಿಂತಿರುತ್ತದೆ, ತೊಲೆ ಮಲಗಿರುತ್ತದೆ ಎನ್ನುವಷ್ಟು ಪಂಡಿತ. ಹೆಂಡತಿಯನ್ನು ಸ್ಕೂಟರಿನಲ್ಲಿ ಸೈಟಿಗೆ ಬಿಡಲು ಬಂದದ್ದೇ ಅವನ ಅರ್ಹತೆ.

“ಅಳಿಯಂದ್ರೇ, ಮೆಟ್ಲು ಒಳಗ್ ಬರ್ತದೋ ಆಚೆ ಬರ್ತದೋ?”

ವಾಸು ಪಕ್ಕಕ್ಕೆ ತಿರುಗುವನು. “ಮೆಟ್ಲು ಎಲ್ಲಿ ಅಂತಾವ್ರೆ ಕಣೇ.”

“ಒಳಗೆ.”

“ಒಳಗಂತೆ ಮಾವ.”

“ಅಂಗ್ ಹೇಳಿ. ಗಂಡಸ್ರು ಹೇಳಿದ್ರೆ ಒಂದೇ ಮಾತಲ್ ಮುಗೀತದೆ.”

ಮೂವರೂ ನಿಂತಿದ್ದು ಒಂದೇ ಛತ್ರಿಯ ಕೆಳಗೆ.

ಅಡುಗೆಮನೆ ಮಾತ್ರ ಪೂರ್ತಿ ಇವಳಿಗೇ ಬಿಟ್ಟರು. ಹೆಂಗಸರಿಗೆ ಅದು ಹುಟ್ಟಿನಿಂದಲೇ ಬರುತ್ತದಂತೆ. ಇವಳ ಮನೆಯಲ್ಲಿ ಒಲೆ ಹಚ್ಚುವವನು ವಾಸು ಎಂಬುದನ್ನು ಇಬ್ಬರೂ ಹೊರಗೆ ಬಿಟ್ಟುಕೊಟ್ಟಿರಲಿಲ್ಲ. ಬಡಪಾಯಿ ಬಳಗ, ಒಂದೇ ಸಲಕ್ಕೆ ಎಷ್ಟು ತಡೆದುಕೊಳ್ಳಬೇಕು? ಅವಳು ಶ್ರೀರಾಮಪ್ಪನ ಹೆಂಡತಿ ಮುನಿಕೆಂಪಮ್ಮನ ಹತ್ತಿರ ಕೂತು ಕೇಳಿಕೊಂಡಳು. ಹಬ್ಬದಲ್ಲಿ ಸಾರಿನ ಕೊಳಗವನ್ನು ಇಬ್ಬರು ಹಿಡಿದು ಹಿತ್ತಲಿಗೆ ಸಾಗಿಸುವಾಗ ಬಾಗಿಲಿಗೆ ತಗಲಿ ಕೈ ಸುಟ್ಟುಕೊಳ್ಳುವುದೇ ಆಯಿತು ಎಂದಳು ಮುನಿಕೆಂಪಮ್ಮ. ಅದಕ್ಕೇ ಹೆಬ್ಬಾಗಿಲಿನಿಂದ ಒಳಬರುವ ಓಣಿಯ ತುದಿಯಲ್ಲಿ ಅಡುಗೆಮನೆಗೊಂದು ಅಗಲದ ಬಾಗಿಲು, ಅದರ ಎದುರಿಗೆ ನೆಟ್ಟಗೆ ಹಿತ್ತಲಿಗೊಂದು.

ಮಿಕ್ಕಿದ್ದು ಗಂಡಸರ ಇಲಾಖೆ. ಶ್ರೀರಾಮಪ್ಪ ನಡುವೆ ದೊಡ್ಡ ಕಾರು ಬುಕ್ ಮಾಡಿದ. ಕಾರು ಹಿಡಿಸಲೆಂದು ಅವನೂ ಮೇಸ್ತ್ರಿ ಮುನಿರತ್ನನೂ ಸೇರಿ ಕಾರು ನಿಲ್ಲುವ ಜಾಗದ ಗೋಡೆಯನ್ನು ಒಳಕ್ಕೆ ತಳ್ಳಿದರು. ಹೆಬ್ಬಾಗಿಲಿನಿಂದ ಹಾಲ್‌ವರೆಗಿನ ಓಣಿ ಅರ್ಧವಾಯಿತು. ಇಕ್ಕಟ್ಟಾಗುತ್ತದೆ ಎಂದು ತೇಜಸ್ವಿನಿ ವಾಸು ಮೂಲಕ ಹೇಳಿಸಿದಳು. ಮನುಷ್ಯರು ಓಡಾಡಲು ಸಾಕು ಬಿಡಿ ಎಂದು ವಾಸು ಮೂಲಕವೇ ಉತ್ತರ ಬಂತು.

ಗೃಹಪ್ರವೇಶ ಹತ್ತಿರ ಬಂತು. ಶ್ರೀರಾಮಪ್ಪ ಅಂಗಡಿಗೇ ಹೋಗಿ ದಾರ ಹಿಡಿದು ವಾಸುವಿನ ತಲೆಯ ಅಳತೆ ತೆಗೆದುಕೊಂಡ. ವಾಸು ಬೇಡವೆಂದ, ನಾಚಿಕೆ ಸ್ವಭಾವದ ಅಳಿಯ ಎಂದು ಮಾವ ಮೆಚ್ಚಿಕೊಂಡ. ತೇಜಸ್ವಿನಿಗೂ ಒಂದು ಸೀರೆ ತೆಗೆದಿದ್ದರು, ಅಡುಗೆಮನೆ ಲೆಕ್ಕಕ್ಕೆ.

ಆ ಬೆಳಿಗ್ಗೆ ವಾಲಗ ಮೊಳಗಿತು. ಹೊಸ ಮನೆಗೆ ಹಸುವೇ ಮೊದಲು ಕಾಲಿಡಬೇಕು. ನಸುಕಿನಿಂದ ಒಳಗೆ ಗುಡಿಸಿ ಸಾರಿಸಿದ ಹೆಂಗಸರ ಕಾಲು ಲೆಕ್ಕಕ್ಕಿಲ್ಲ. ಶ್ರೀರಾಮಪ್ಪ ಹಗ್ಗ ಹಿಡಿದು ಮುಂದೆ, ಹಸು ಹಿಂದೆ, ಅದರ ಹಿಂದೆ ಕರು, ಕರುವಿನ ಹಿಂದೆ ವಾಸು, ಮೇಸ್ತ್ರಿ, ಊರು. ಓಣಿಯ ತುದಿಯಲ್ಲಿ ಶ್ರೀರಾಮಪ್ಪ ಎಡಕ್ಕೆ ಹಾಲ್‌ಗೆ ತಿರುಗಿದ. ಹಸು ತಿರುಗಲಿಲ್ಲ. ಪಾಪ, ಅದು ಮನುಷ್ಯರ ಅಳತೆಯದಲ್ಲ. ಹಿಂದೆ ಸರಿಯೋಣವೆಂದರೆ ಕರು ಬಾಗಿಲಿಗೆ ಬೆಣೆಯಂತೆ ನಿಂತಿದೆ. ಗೋಡೆ ಒಡೆದರಾಯಿತು ಅಂದ ಮುನಿರತ್ನ ಆಚೆಯಿಂದ. ಕಟ್ಟಿದ ಕೂಲಿ ಬಂದಿತ್ತು, ಒಡೆಯುವುದಕ್ಕೂ ಬರಬಾರದೇಕೆ. ಶ್ರೀರಾಮಪ್ಪ ಹಸುವಿನ ಕೊಂಬಿನ ಮೇಲಿಂದ ಅಳಿಯಂದ್ರೇ, ಅಳಿಯಂದ್ರೇ ಎಂದು ಕೂಗಿದ. ವಾಲಗದಲ್ಲಿ ಅಳಿಯಂದಿರ ಉತ್ತರ ಮುಳುಗಿಹೋಯಿತು.

ಅವನು ಸುತ್ತ ನೋಡಿದ. ಹಾಲ್‌ನಲ್ಲಿ ಇದ್ದದ್ದು ತೇಜಸ್ವಿನಿ ಒಬ್ಬಳೇ.

“ಏನವ್ವಾ ಮಾಡದೀಗ?” ಅಂದ. ಪಾಯ ತೋಡಿದಂದಿನಿಂದ ಅವಳನ್ನು ಅವನು ನೇರವಾಗಿ ಕೇಳಿದ ಮೊದಲ ಪ್ರಶ್ನೆ ಅದು.

“ಎಳೀಬೇಡಿ ದೊಡ್ಡಪ್ಪ. ಎದ್ರಿಗಿರೋ ಅಡುಗೆಮನೆ ಬಾಗ್ಲು ತೆಗೀರಿ, ನೆಟ್ಟಗೆ ಹಿತ್ಲಿಗ್ ಹೋಗ್ತದೆ.”

ಅಡುಗೆಮನೆಯಲ್ಲಿದ್ದ ಹೆಂಗಸರು ಬಾಗಿಲು ತೆಗೆದು, ಹಾಲುಕ್ಕಿಸುವ ಒಲೆಯನ್ನು ಪಕ್ಕಕ್ಕೆ ಸರಿಸಿದರು. ಮುನಿಕೆಂಪಮ್ಮ ಹಿತ್ತಲಿನಲ್ಲಿ ಒಂದು ಕಟ್ಟು ಸೊಪ್ಪು ಹಿಡಿದು ನಿಂತಳು. ಹಸು ಕೊಳಗದ ದಾರಿ ಹಿಡಿದು, ನಡುವೆ ಹೊಸ ಟೈಲ್ಸಿನ ಮೇಲೆ ಸಗಣಿಯ ಆಶೀರ್ವಾದವನ್ನೂ ಮಾಡಿ, ಗಂಭೀರವಾಗಿ ಹೊರಗೆ ಹೋಯಿತು. ಊರೆಲ್ಲ ನೋಡಿತು. ಅದಕ್ಕೇ ಅಡುಗೆಮನೆ ನಕ್ಷೆ ಹೆಂಗಸರೇ ಹಾಕಬೇಕು ಅನ್ನುವುದು ಎಂದು ಮುನಿರತ್ನ ತೀರ್ಪು ಕೊಟ್ಟ.

ಆಮೇಲೆ ಪೇಟದ ತಟ್ಟೆ ಬಂತು. ಶ್ರೀರಾಮಪ್ಪ ಅಭ್ಯಾಸಬಲದಿಂದ ವಾಸುವಿನ ಮುಂದೆಯೇ ನಿಂತ. ವಾಸು ತಲೆ ಬಗ್ಗಿಸಲಿಲ್ಲ. ಎಂದಿನಂತೆ ಪಕ್ಕಕ್ಕೆ ತಿರುಗಿದ.

“ಪೇಟ ಎಲ್ಲಿ ಹಾಕೋದು ಅಂತಾವ್ರೆ ಕಣೇ.”

ತೇಜಸ್ವಿನಿ ದೊಡ್ಡಪ್ಪನ ಮುಖವನ್ನೇ ನೋಡುತ್ತಾ ಹೇಳಿದಳು. “ನನ್ನ ತಲೆ ಮೇಲೆ.”

“ಅವಳ ತಲೆ ಮೇಲಂತೆ ಮಾವ.”

ಆ ಓಣಿಯ ಗೋಡೆ ಒಂದನ್ನು ಬಿಟ್ಟರೆ, ಅಳಿಯಂದಿರು ಹೇಳಿದ ಮಾತನ್ನು ಮನೆ ಕಟ್ಟಿದಷ್ಟೂ ಕಾಲ ಮೀರದ ಮನುಷ್ಯ. ಈಗ ನೂರು ಜನರೆದುರು ಹೇಗೆ ಮೀರಿಯಾನು? ತೊಡಿಸಿದ. ವಾಸುವಿನ ಅಳತೆಯ ಪೇಟ ಅವಳ ಹುಬ್ಬಿನವರೆಗೂ ಇಳಿಯಿತು. ಒಂದು ಕೈಯಲ್ಲಿ ಅದನ್ನು ಎತ್ತಿ ಹಿಡಿದುಕೊಂಡೇ ಊಟಕ್ಕೆ ಕೂತಳು, ತೆಗೆಯಲಿಲ್ಲ.

ಪಾಯಸ ಬರುವ ಹೊತ್ತಿಗೆ ಅಟ್ಟೂರಿನ ಚಿಕ್ಕಹನುಮಯ್ಯ ಎಲೆ ಬಿಟ್ಟೆದ್ದು ಬಂದ. ಅವನದೊಂದು ಸೈಟಿತ್ತು. ವಾಸುವನ್ನು ನೋಡಿದ, ಪೇಟ ನೋಡಿದ, ಸ್ವಲ್ಪ ಹೊತ್ತು ಕಷ್ಟಪಟ್ಟ. ಆಮೇಲೆ ಪೇಟದ ಕಡೆಗೇ ತಿರುಗಿ, ನಮ್ಮದೂ ಒಂದು ಹಾಕಿಕೊಡಬೇಕಲ್ಲ ಅಂದ.

“ಅಡುಗೆಮನೆ ಮಾತ್ರನಾ, ಮನೆ ಪೂರ್ತಿನಾ?” ತೇಜಸ್ವಿನಿ ಕೇಳಿದಳು.

ಚಿಕ್ಕಹನುಮಯ್ಯ ಹಿತ್ತಲಿನಲ್ಲಿ ಸೊಪ್ಪು ಮೇಯುತ್ತಿದ್ದ ಹಸುವನ್ನು ಒಮ್ಮೆ ನೋಡಿದ.

“ಹಸ ಓಡಾಡೋ ಕಡೆಯೆಲ್ಲ ನೀನೇ ಹಾಕವ್ವ.”

ಅಟ್ಟೂರಿನ ಆ ಮನೆಯ ಓಣಿಯಲ್ಲಿ ಈಗ ಹಸು ಮಾತ್ರವಲ್ಲ, ಅದರ ಕರುವೂ ಆರಾಮಾಗಿ ಒಂದು ಸುತ್ತು ಹೊಡೆಯಬಹುದು. ಕಾರು ಮಾತ್ರ ಬೀದಿಯಲ್ಲಿ ನಿಲ್ಲುತ್ತದೆ.