ಜಯಲಕ್ಷ್ಮಮ್ಮ ಡೇರಿಗೆ ಹೋಗದ ಬೆಳಗು

ದುದ್ದದ ಪಕ್ಕದ ನಮ್ಮೂರಿನ ಹಾಲಿನ ಡೇರಿಗೆ ಜಯಲಕ್ಷ್ಮಮ್ಮನೇ ಅಧ್ಯಕ್ಷೆ. ಆಕೆ ಡೇರಿ ಬಾಗಿಲಲ್ಲಿ ನಿಂತು "ಸಾಲಾಗ್ ನಿಂತ್ಕಳ್ರೇ" ಎಂದರೆ ಚನ್ನರಾಯಪಟ್ಟಣದ ಎಮ್ಮೆಗಳೂ ಸಾಲಾಗುತ್ತಿದ್ದವು. ಮೂಗು ಗಂಟಲಿಗಿಂತ ಒಂದು ಕೈ ಮೇಲು. ಹಸು ನಾಳೆ ಕೊಡುವ ಹಾಲು ಒಡೆಯುತ್ತದೋ ಇಲ್ಲವೋ ಎಂದು ಇವತ್ತೇ ಮೂಸಿ ಹೇಳುತ್ತಿದ್ದಳಂತೆ, ನಾನಂತೂ ನಂಬಿದ್ದೇನೆ.

ಅದರಿಂದಲೇ ಒಂದು ಪದ್ಧತಿ ಬೆಳೆಯಿತು. ಯಾರ ಕ್ಯಾನೇ ಆಗಲಿ, ಜಯಲಕ್ಷ್ಮಮ್ಮ ಮೂಸಿ ತಲೆಯಾಡಿಸದೆ ಹಾಲು ಅಳತೆಗೆ ಹೋಗುವಂತಿಲ್ಲ. ಒಳಗೆ ಹಾಲು ಪರೀಕ್ಷಿಸುವ ಯಂತ್ರವಿದೆ, ಅಳೆಯುವ ಸುವರ್ಣಮ್ಮ ಇದ್ದಾಳೆ. ಇಬ್ಬರೂ ಆ ತಲೆ ಆಡುವವರೆಗೆ ಕಾಯಬೇಕು. ಊರಲ್ಲಿ ಹಸು ಹೆಚ್ಚಿದವು, ತಲೆ ಮಾತ್ರ ಒಂದೇ ಉಳಿಯಿತು. ಸಾಲು ಬಿಸಿಲಿಗೆ ಬಂತು. ಈ ಬೇಸಿಗೆಯಲ್ಲಿ ಎರಡು ಸಲ ಲಾರಿಯಲ್ಲಿ ಹೋದ ಹಾಲು ಒಡೆದು ವಾಪಸ್ಸಾಯಿತು.

"ಇನ್ನೊಂದ್ ಸಲ ಇಂಗಾದ್ರೆ ನಿಮ್ಮೂರ್ಗೆ ಗಾಡಿ ಬರಾಕಿಲ್ವಂತೆ ಕಣಕ್ಕಾ," ಎಂದ ಲಾರಿ ಡ್ರೈವರ್ ಕಾಂತರಾಜು. "ಮೇಲಿನವ್ರು ಅಂದವ್ರೆ."

ಗಾಡಿ ಇಲ್ಲದಿದ್ದರೆ ಡೇರಿಯೂ ಇಲ್ಲ. ಜಯಲಕ್ಷ್ಮಮ್ಮ ಇನ್ನೂ ಬೇಗ ಎದ್ದಳು, ಇನ್ನೂ ಜೋರಾಗಿ ಕೂಗಿದಳು. ಹೆಂಗಸರು ಗಾಬರಿಯಲ್ಲಿ ಒಬ್ಬರ ಕ್ಯಾನನ್ನು ಇನ್ನೊಬ್ಬರು ಎತ್ತಿಕೊಂಡರು. ಸಾಲು ಇನ್ನೂ ನಿಧಾನವಾಯಿತು.

ಸೊಸೆ ರಂಜಿತಾ ಹಾಸನದ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಾಳೆ. ಭಾನುವಾರ ಹುಣಸೆಹಣ್ಣು ಬಿಡಿಸುತ್ತಾ ಅಂದಳು: "ಬೈದ್ರೆ ಕೆಲಸ ಬೇಗ ಆಗಲ್ಲ ಅತ್ತೆ. ಹೆದರಿಕೊಂಡಾಗ ಮಿದುಳಲ್ಲಿ ಯೋಚನೆ ಮಾಡೋ ಭಾಗ ಮಂಕಾಗುತ್ತೆ."

"ಅಂಗಾರೆ ಎಲ್ರುನ್ನೂ ಮುದ್ದಾಡ್ಲಾ?"

"ಬೇಡ. ರಕ್ತದ ಕೆಂಪು ಕಣ ನೋಡಿ. ಜೀವಕೋಶದ ನಡುವೆ ಒಂದು ಕೇಂದ್ರ ಇರುತ್ತೆ, ಯಜಮಾನ ಇದ್ದಂಗೆ. ಕೆಂಪು ಕಣ ಬೆಳೀತಾ ಬೆಳೀತಾ ಅದನ್ನ ಆಚೆ ಹಾಕಿಬಿಡುತ್ತೆ. ಖಾಲಿಯಾದ ಜಾಗದಲ್ಲಿ ಉಸಿರಿನ ಗಾಳಿ ತುಂಬಿಕೊಂಡು ಮೈಗೆಲ್ಲ ಹೊತ್ತು ಹಂಚುತ್ತೆ."

ಅತ್ತೆಯ ಕೈ ನಿಂತಿತು. "ಯಜಮಾನನ್ನೇ ಆಚ್ಗೆ ಆಕ್ತದಾ? ಉಂಡ್ ಮನೆ ಜಂತೆ ಎಣ್ಸೋ ಜಾತಿ ಕಣವ್ವಾ ಅದು!"

"ಆ ಕೇಂದ್ರ ಹೋಗೋಕೆ ಮುಂಚೆ ಬೇಕಾದ್ದೆಲ್ಲ ಹೇಳಿಟ್ಟು ಹೋಗಿರುತ್ತೆ ಅತ್ತೆ."

ಆ ಮಧ್ಯಾಹ್ನ ಜಯಲಕ್ಷ್ಮಮ್ಮನಿಗೆ ಜೊಂಪು ಹತ್ತಿತು. ಕನಸಿನಲ್ಲಿ ತನ್ನದೇ ಮೈಯೊಳಗೆ ಇಳಿದಿದ್ದಳು. ಬೆಚ್ಚಗಿನ ಕೆಂಪು ಹೊಳೆ, ಹೇಮಾವತಿಗಿಂತ ಅಗಲ. ಅದರಲ್ಲಿ ಲಕ್ಷ ಲಕ್ಷ ಕೆಂಪು ಹೆಂಗಸರು ಕಂಕುಳಲ್ಲಿ ಕ್ಯಾನಿಟ್ಟುಕೊಂಡು ತೇಲುತ್ತಿದ್ದರು. ಕ್ಯಾನಿನ ತುಂಬ ಗಾಳಿ.

"ಎಲ್ಲಿಗ್ರೇ?"

"ಕಾಲ್ ಎಬ್ಬೆಟ್ಗೆ ಕಣಕ್ಕಾ!"

"ಯಾರ್ ಕಳ್ಸಿದ್ದು?"

ಅವರು ನಕ್ಕು ತೇಲಿಹೋದರು. ಈಕೆ ಅಡ್ಡ ನಿಂತು ಒಂದು ಕ್ಯಾನು ಮೂಸಲು ಬಾಗಿದಳು. ಹೊಳೆಗೆ ಹೊಳೆಯೇ ನಿಂತಿತು. ದೂರದಲ್ಲೆಲ್ಲೋ ತನ್ನ ಕಾಲಿನ ಹೆಬ್ಬೆರಳು ಜೋಮು ಹಿಡಿಯುತ್ತಿರುವುದು ಆಕೆಗೆ ಗೊತ್ತಾಯಿತು.

ಎದ್ದವಳೇ ಸುವರ್ಣಮ್ಮನನ್ನು ಕರೆಸಿದಳು. "ನಾಳೀಕ್ ನಾ ಬರಾಕಿಲ್ಲ. ಮೂಸೋದೂ ಬ್ಯಾಡ, ಯಂತ್ರ ಐತೆ. ಅನುಮಾನ ಬಂದ್ರೆ ನೀನೇ ತೀರ್ಮಾನ ಮಾಡು. ಲಾರಿ ಏಳ್ ಗಂಟ್ಗೆ ಒರಡ್ಬೇಕು, ಯಾರ್ಗೂ ಕಾಯ್ಬ್ಯಾಡ."

"ನಾನಾ?"

"ನೀನೇ ಕಣೆ."

ಬೆಳಗಾಯಿತು. ಜಯಲಕ್ಷ್ಮಮ್ಮ ಕಾಲು ಡೇರಿ ಕಡೆ ಓಡದಿರಲೆಂದು ಜಗಲಿಯ ಕಂಬ ತಬ್ಬಿ ಕೂತಳು. ಕಂಬ ಎರಡು ಅಂಗುಲ ಡೇರಿ ಕಡೆಗೆ ವಾಲಿತು. ಈಗಲೂ ವಾಲಿದೆ, ಬಂದು ನೋಡಬಹುದು. ಎಳೆಬಿಸಿಲು ತೆಂಗಿನ ಗರಿಗಳಿಂದ ಸೋರುತ್ತಿತ್ತು. ಯಾರೂ ಕರೆಯಲು ಬರಲಿಲ್ಲ. ಲಾರಿಯ ಸದ್ದು ರಸ್ತೆ ಹಿಡಿದು ಸಣ್ಣದಾಗುತ್ತಾ ಕರಗಿತು.

ಸುವರ್ಣಮ್ಮ ಏದುಸಿರು ಬಿಡುತ್ತಾ ಬಂದಳು.

"ಓಯ್ತಾ?"

"ಓಯ್ತು ಕಣಕ್ಕಾ. ಒಂದ್ ಮನೇದ್ ಬಿಟ್ಟು ಎಲ್ರುದೂ ಓಯ್ತು."

"ಯಾವ್ ಸೋಂಬೇರೀದೇ ಅದು?"

"ನಿಂದೇ."

ಕೊಟ್ಟಿಗೆ ಬಾಗಿಲಲ್ಲಿ ಕರೆದಿಟ್ಟ ಹಾಲಿನ ಕ್ಯಾನು ಹಾಗೇ ಕೂತಿತ್ತು.

"ನಾ ಬರಾಕಿಲ್ಲ ಅಂದಿದ್ದು! ನಮ್ಮನೆ ಆಲೂ ಬರಾಕಿಲ್ಲ ಅಂದಿದ್ನಾ? ಒಂದ್ ಗಳ್ಗೆ ಲಾರಿ ನಿಲ್ಸಕ್ಕಾಗ್ನಿಲ್ವಾ?"

"ಕಾಂತರಾಜು ನಿಲ್ಸ್ತೀನಿ ಅಂದ. ಏಳಾಗಿತ್ತು. ನಾನೇ ಬ್ಯಾಡ ಅಂದೆ." ಸುವರ್ಣಮ್ಮ ತಲೆ ತಗ್ಗಿಸಲಿಲ್ಲ.

ಜಯಲಕ್ಷ್ಮಮ್ಮ ನಿಧಾನವಾಗಿ ಕಂಬ ಬಿಟ್ಟಳು.

"ಸರ್ಯಾಗ್ ಮಾಡ್ದೆ ಬುಡು. ನಾಳೀಕೂ ನೀನೇ ನಿಂತ್ಕೋ. ಈಗ್ ಕುಂತ್ಕಾ. ಇಷ್ಟ್ ಆಲ್ನಲ್ಲಿ ಊರೋರ್ಗೆಲ್ಲ ಕಾಫಿ ಕಾಸ್ಬೇಕಲ್ಲ!"