ಪಿಕ್ಚರಿನಲ್ಲಿ ಇಲ್ಲದ ಊಟ

ಮೊನ್ನೆ ನೀವಿಬ್ಬರೂ ಮೊಬೈಲಿನಲ್ಲಿ ಒಂದು ಹಳೆಯ ಪಿಕ್ಚರ್ ಹಚ್ಚಿ, "ಅಜ್ಜಿ, ನಿಮ್ಮ ಕಾಲದ್ದು ಐತಿ, ಬಾ ನೋಡು" ಎಂದು ಕರೆದಿರಿ. ನಾನು ಸ್ವಲ್ಪ ಹೊತ್ತು ಕೂತು ಎದ್ದು ಹೋದೆ. ಆಮೇಲೆ ನೀವು ಮಾತಾಡಿಕೊಂಡದ್ದು ಅಡಿಗೆಮನೆಗೆ ಕೇಳಿಸಿತು. "ಅಜ್ಜ ನೆನಪಾಗಿರಬೇಕು, ಪಾಪ."

ಅಲ್ಲ. ನಿಮ್ಮ ಅಜ್ಜನನ್ನು ನೆನೆಯಲು ನನಗೆ ಪಿಕ್ಚರ್ ಬೇಕಾಗಿಲ್ಲ. ನಾನು ಎದ್ದದ್ದು ಆ ಪಿಕ್ಚರ್ ನನಗೆ ಸೇರುವುದಿಲ್ಲ ಎಂಬ ಕಾರಣಕ್ಕೆ. ಒಂದು ಕಾಲದಲ್ಲಿ ಭಾಳ ಸೇರಿತ್ತು. ವಯಸ್ಸಾದ ಮೇಲೆ ರುಚಿ ಕೆಡುತ್ತದೆ ಎಂದು ಮಾತ್ರ ಹೇಳಬೇಡಿ. ನನ್ನ ನಾಲಿಗೆ ಇನ್ನೂ ನೆಟ್ಟಗಿದೆ. ಪಿಕ್ಚರ್ ಅದೇ ಇರುತ್ತದೆ, ನೋಡುವ ಕಣ್ಣು ಬದಲಾಗುತ್ತದೆ ಎನ್ನುವವರೂ ಇದ್ದಾರೆ. ಪಿಕ್ಚರಿನ ತಪ್ಪನ್ನು ಅಷ್ಟು ಸುಲಭವಾಗಿ ನನ್ನ ಕಣ್ಣಿನ ಮೇಲೆ ಹಾಕಿಕೊಳ್ಳಲು ನಾನು ತಯಾರಿಲ್ಲ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪಿಕ್ಚರಿನ ಹೆಸರು ಬರೆಯುವುದಿಲ್ಲ. ಅದನ್ನು ನೆನೆದು ಈಗಲೂ ಕಣ್ಣೊರೆಸಿಕೊಳ್ಳುವವರು ಇದ್ದಾರೆ, ಅವರು ಒರೆಸಿಕೊಳ್ಳಲಿ.

ನಾನು ಮರೋಳದ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಇಳಕಲ್ಲಿನ ನೇಕಾರರ ಮನೆಗೆ ಸೊಸೆಯಾಗಿ ಬಂದಾಗ ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಆ ವರ್ಷವೇ ಬಾಗಲಕೋಟೆಯಲ್ಲಿ ಸಂಬಂಧಿಕರ ಮನೆಯ ಕುಬಸಕ್ಕೆ ಹೋಗಿದ್ದೆವು. ಬಸುರಿಗೆ ಆರತಿಯಾಗಿ, ಊಟವಾಗಿ, ಮಂದಿ ಅಡ್ಡಾದ ಹೊತ್ತಿನಲ್ಲಿ ನಿಮ್ಮ ಅಜ್ಜ ಯಾರಿಗೂ ಹೇಳದೆ ನನ್ನನ್ನು ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಹೋದರು. ಮೊನ್ನೆ ನೀವು ಹಚ್ಚಿದ ಪಿಕ್ಚರೇ ಅದು, ನಾನು ನೋಡಿದ ಮೊದಲನೆಯದು. ಆ ಟಾಕೀಸಿನಲ್ಲಿ ಹೆಂಗಸರಿಗೆ ಬೇರೆ ಬೆಂಚು, ನಡುವೆ ಒಂದು ಮೋಟುಗೋಡೆ. ಅವರು ಆ ಕಡೆ, ನಾನು ಈ ಕಡೆ. ದೀಪ ಆರಿದಾಗ ನಾನು ಬೆಂಚಿನ ಅಂಚು ಹಿಡಿದುಕೊಂಡೆ. ಗೋಡೆಯಾಚೆ ಅವರು ಕೆಮ್ಮಿದರು. ಇದ್ದಾರೆ ಎಂದು ಗೊತ್ತಾಗಿ ಸಮಾಧಾನವಾಯಿತು. ನಡುವಿನ ಬಿಡುವಿನಲ್ಲಿ ಗೋಡೆಯ ಮೇಲಿಂದ ಹುರಿದ ಶೇಂಗಾದ ಪೊಟ್ಟಣ ಬಂತು.

ಕಥೆ ಇಷ್ಟೆ. ದೊಡ್ಡ ಮನೆಯ ಹಿರಿಯ ಮಗ ಸಾಯುತ್ತಾನೆ. ಅವನ ಹೆಂಡತಿ ತವರಿಗೆ ಹೋಗದೆ ಮೈದುನರನ್ನು ಸಾಕಿ, ಓದಿಸಿ, ಮದುವೆ ಮಾಡುತ್ತಾಳೆ. ಬಂದ ಸೊಸೆಯಂದಿರು ಅವಳನ್ನು ಬೈದು ಹಿತ್ತಲ ಕೋಣೆಗೆ ಹಾಕುತ್ತಾರೆ. ಅವಳು ತಿರುಗಿ ಒಂದು ಮಾತು ಆಡುವುದಿಲ್ಲ. ಕೊನೆಗೆ ಎಲ್ಲರಿಗೂ ಬುದ್ಧಿ ಬಂದು ಅವಳ ಕಾಲಿಗೆ ಬೀಳುತ್ತಾರೆ, ಅವಳು ನಗುನಗುತ್ತ ಪ್ರಾಣ ಬಿಡುತ್ತಾಳೆ. ಹೆಂಗಸರ ಬೆಂಚುಗಳಲ್ಲಿ ಅಳುವೇ ಅಳು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತೆ.

ಹೊರಗೆ ಬಂದ ಮೇಲೆ ಅವರು ಕೇಳಿದರು. "ಹ್ಯಾಂಗಿತ್ತು?"

"ಛಲೋ ಇತ್ರಿ."

"ಏನ ಛಲೋ? ಇಡೀ ಪಿಕ್ಚರ್ ಒಂದ ಸೀರಿ ಮ್ಯಾಲೆ ಮುಗಿಸ್ಯಾಳ ಆಕಿ. ಎಲ್ಲಾ ಹೆಣ್ಣಮಕ್ಕಳು ಹಿಂಗ ದೇವ್ರಾಗಿ ಬಿಟ್ರ ನಾವು ಮಗ್ಗ ಮುರದು ಒಲಿಗೆ ಹಾಕಬೇಕು, ಅಷ್ಟ."

ಅಂಥ ಪಿಕ್ಚರ್ ನೋಡಿಯೂ ಚೇಷ್ಟೆ ಮಾಡುತ್ತಾರಲ್ಲ ಎಂದು ನನಗೆ ಸಿಟ್ಟು ಬಂದಿತ್ತು.

ಇಳಕಲ್ಲಿಗೆ ಬಂದ ಮೇಲೆ ನನ್ನ ಅತ್ತೆಗೆ ಆ ಕಥೆ ಹೇಳಿದೆ. ಅತ್ತೆ ಅಲ್ಲಿಯವರೆಗೂ ಟಾಕೀಸಿನ ಬಾಗಿಲು ತುಳಿದವರಲ್ಲ. ನಾವಿಬ್ಬರೂ ಮಗ್ಗದ ಪಡಸಾಲೆಯಲ್ಲಿ ರಾಟೆ ಹಾಕಿಕೊಂಡು ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದೆವು. ನಾನು ನಾಲ್ಕು ಜನರೆದುರು ನನ್ನ ಹೆಸರು ಹೇಳಲೂ ನಾಚುವವಳು. ಆದರೆ ಕಥೆ ಹೇಳುವುದಕ್ಕೆ ನಾಚಿಕೆ ಆಗಲಿಲ್ಲ, ಅದು ನನ್ನ ಮಾತಲ್ಲವಲ್ಲ! ಓಣಿಯ ಹೆಂಗಸರೂ ಬಂದು ಕೂಡತೊಡಗಿದರು. ವರ್ಷಗಟ್ಟಲೆ ಹೇಳಿದೆ. ಎಲ್ಲರಿಗೂ ಸೇರುತ್ತಿದ್ದದ್ದು ಒಂದೇ ಜಾಗ. ಹಿತ್ತಲ ಕೋಣೆಯಲ್ಲಿ ಆ ಹೆಣ್ಣುಮಗಳು ಹಸಿದು ಕೂತಿದ್ದಾಗ ಅವಳ ಅತ್ತೆ ಬಂದು, ಮಣೆ ಹಾಕಿ ಕೂಡಿಸಿ, ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ತನ್ನ ಕೈಯಿಂದ ತುತ್ತು ಹಾಕುತ್ತಾಳೆ. "ಮೊದಲ ನೀ ಉಣ್ಣು. ನೀ ಉಂಡ ಮ್ಯಾಲೆ ಈ ಮನಿ ಉಣ್ಣಲಿ" ಎನ್ನುತ್ತಾಳೆ. ಅಲ್ಲಿಗೆ ಬಂದಾಗ ನನ್ನ ಅತ್ತೆಯ ರಾಟೆ ನಿಲ್ಲುತ್ತಿತ್ತು. "ಅದನ್ನ ಇನ್ನೊಮ್ಮೆ ಹೇಳು" ಎನ್ನುತ್ತಿದ್ದರು. ತಾಟಿನಲ್ಲಿ ಏನಿತ್ತು ಎಂದೂ ಕೇಳುತ್ತಿದ್ದರು. ಒಮ್ಮೆ ಹೋಳಿಗೆ ಇತ್ತು ಎನ್ನುತ್ತಿದ್ದೆ, ಒಮ್ಮೆ ಸಜ್ಜೆರೊಟ್ಟಿ, ಎಣ್ಣೆಗಾಯಿ ಎನ್ನುತ್ತಿದ್ದೆ.

ಎಂಬತ್ತರ ದಶಕದ ಆರಂಭದಲ್ಲಿ ನಿಮ್ಮ ಅಜ್ಜ ತೀರಿಕೊಂಡರು. ಜ್ವರ ಬಂದು ದವಾಖಾನೆ ಸೇರಿದವರು ಮನೆಗೆ ಬರಲಿಲ್ಲ. ನಿಮ್ಮ ಅವ್ವ ಆಗ ಸಾಲೆಗೆ ಹೋಗುವ ಹುಡುಗಿ. ಮಗ್ಗದ ಮೇಲೆ ಅರ್ಧ ನೆಯ್ದ ಸೀರೆ ಇತ್ತು. ನಮ್ಮದು ಕುಣಿಮಗ್ಗ. ನೆಲದಲ್ಲಿ ತೋಡಿದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತು ನೇಯಬೇಕು. ಸೆರಗಿನ ಎಳೆಗೂ ಒಡಲಿನ ಎಳೆಗೂ ಕೊಂಡಿ ಹಾಕಿ ಜೋಡಿಸುವ ಕೆಲಸ ಹೆಂಗಸರದು, ಅದು ನನಗೆ ಬರುತ್ತಿತ್ತು. ಆದರೆ ಹೆಂಗಸರು ಕುಣಿಗೆ ಇಳಿಯುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ. ನಿಮ್ಮ ಅಜ್ಜ ಊಟಕ್ಕೆ ಎದ್ದಾಗ ನಾನು ಕದ್ದು ಇಳಿದು ಲಾಳಿ ಹೊಡೆಯುತ್ತಿದ್ದೆ. ಬಂದು ನೋಡಿ ನಗುತ್ತಿದ್ದರು. ನಾನು ನೆಯ್ದದ್ದನ್ನು ಅವರು ಬಿಚ್ಚುತ್ತಿರಲಿಲ್ಲ.

ಆ ಅರ್ಧ ಸೀರೆಯನ್ನು ನಾನೇ ಕೂತು ಮುಗಿಸಿದೆ. ಕೂಲಿಗೆ ನೇಯಿಸುವ ಸೀರೆ ಅಂಗಡಿಯವರು ಮತ್ತೆ ನೂಲು ಕೊಟ್ಟರು, ಮಗ್ಗಕ್ಕೆ ಮತ್ತೆ ಹಾಸಿನ ಎಳೆ ಹೂಡಿದೆ. ದುಃಖದಲ್ಲಿದ್ದಾಳೆ, ಕೈಗೆ ಏನೋ ಕೆಲಸ ಬೇಕು ಎಂದು ಯಾರೂ ಏನೂ ಅನ್ನಲಿಲ್ಲ. ನೇಯ್ಗೆಯ ಕೂಲಿ ನನ್ನ ಕೈಗೇ ಬರತೊಡಗಿತು. ನಿಮ್ಮ ಅವ್ವನಿಗೆ ಪುಸ್ತಕ ಬೇಕಾದರೆ ಯಾರನ್ನೂ ಕೇಳದೆ ತಂದುಕೊಟ್ಟೆ.

ಹೀಗೇ ಕೆಲವು ತಿಂಗಳು ನಡೆದ ಮೇಲೆ ನನ್ನ ಮೈದುನ, ಅಂದರೆ ನಿಮ್ಮ ಅಜ್ಜನ ತಮ್ಮ, ಒಂದು ವಿಚಾರ ತೆಗೆದ. ಅವನು ಕೆಟ್ಟವನಲ್ಲ, ಅದನ್ನೂ ಬರೆಯಬೇಕು. ತನ್ನ ಮಗ್ಗದಲ್ಲಿ ಹಗಲೆಲ್ಲ ದುಡಿಯುವವನು. ಅವನ ಹೆಂಡತಿ, ನನ್ನ ನೆಗೆಣ್ಣಿ, ಆಗ ದಿನ ತುಂಬಿದ ಬಸುರಿ, ಒಲೆಯ ಮುಂದೆ ಕೂಡಲು ಆಗುತ್ತಿರಲಿಲ್ಲ. ಅವನ ವಿಚಾರ ಇದು: ನಿಮ್ಮ ಅಜ್ಜನ ಮಗ್ಗಕ್ಕೆ ಕೂಲಿ ನೇಕಾರನನ್ನು ಕೂಡಿಸುವುದು, ನಾನು ಇನ್ನು ಮುಂದೆ ಮನೆಯ ಅಡಿಗೆ ನೋಡಿಕೊಂಡು ಇರುವುದು.

"ನೀವ್ಯಾಕ ಕುಣಿಯಾಗ ಕುಂತು ಕಾಲ ನೋಯಿಸ್ಕೋತೀರಿ ವೈನಿ? ನೀವು ಈ ಮನಿಗೆ ತಾಯಿ ಇದ್ದಂಗ. ಒಲಿ ಮುಂದ ರಾಣಿಯಂಗ ಇರ್ರಿ."

ನಾನು ತಲೆ ತಗ್ಗಿಸಿ ನಿಂತೆ. ಆ ಕುಣಿಯಿಂದ ಎದ್ದರೆ ನಾನೂ ನಿಮ್ಮ ಅವ್ವನೂ ಪ್ರತಿಯೊಂದಕ್ಕೂ ಅವನೆದುರು ಕೈಯೊಡ್ಡಬೇಕಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಬೇಡ ಎಂದು ಹೇಳಲು ಮಾತ್ರ ಬಾಯಿ ಬರಲಿಲ್ಲ. ಸುಮ್ಮನಿದ್ದದ್ದನ್ನು ಅವನು ಒಪ್ಪಿಗೆ ಎಂದುಕೊಂಡ. ಅಮಾವಾಸ್ಯೆ ಕಳೆದ ಮರುದಿನವೇ ಬರಲು ನೇಕಾರನಿಗೆ ಹೇಳಿಬಿಟ್ಟ.

ಅಮಾವಾಸ್ಯೆಯ ದಿನ ಮಗ್ಗಗಳಿಗೆ ರಜೆ. ಅಂದು ಮೈದುನ ಹಿಗ್ಗಿನಿಂದ ಮನೆಗೆ ಬಂದ. "ವೈನಿ, ನಿಮ್ಮ ಪಿಕ್ಚರ್ ನಮ್ಮೂರಿಗೆ ಮತ್ತ ಬಂದೈತಿ! ಎಲ್ಲಾರೂ ನಡೀರಿ. ನೀವು ಹೇಳ್ತಿದ್ರೆಲ್ಲ ಆ ಹೆಣ್ಣಮಗಳು, ಥೇಟ್ ನಿಮ್ಮಂಗ." ಎಲ್ಲರಿಗೂ ಅವನೇ ಟಿಕೆಟ್ ತೆಗೆಸಿದ. ಅತ್ತೆ ಹೊಸ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಗುಡಿಗೆ ಹೋಗುವವರಂತೆ ಹೊರಟರು.

ಟಾಕೀಸಿನಲ್ಲಿ ಅತ್ತೆ ನನ್ನ ಒಂದು ಪಕ್ಕ, ಬಸುರಿ ನೆಗೆಣ್ಣಿ ಇನ್ನೊಂದು ಪಕ್ಕ. ಶುರುವಾದ ಸ್ವಲ್ಪ ಹೊತ್ತಿಗೇ ನನಗೆ ಕಸಿವಿಸಿಯಾಯಿತು. ಹಿಂದೆ ಅರಮನೆಯಂತೆ ಕಂಡ ಮನೆಯಲ್ಲಿ ಬಾಗಿಲು ಹಾಕಿದರೆ ಗೋಡೆಯೇ ಅಲುಗುತ್ತಿತ್ತು. ವರ್ಷಗಟ್ಟಲೆ ಬೀಸಿ, ಕುಟ್ಟಿ, ತಿಕ್ಕಿದವಳ ಬೆರಳಿನಲ್ಲಿ ಒಂದು ಗೀರು ಇಲ್ಲ. ಇರಲಿ, ಊಟದ ಜಾಗ ಬರಲಿ ಎಂದು ಕಾದೆ. ಅಷ್ಟರಲ್ಲಿ ಪಿಕ್ಚರಿನ ಅತ್ತೆ ಎದೆ ಹಿಡಿದುಕೊಂಡು ಸತ್ತಳು.

ನನ್ನ ಅತ್ತೆ ನನ್ನ ತೋಳು ಚಿವುಟಿದರು. "ಅಲ್ಲ, ಈಕಿ ಈಗ ಸತ್ತಳಲ್ಲ? ಹಂಗಾರ ತುತ್ತ ಯಾರು ಹಾಕ್ತಾರ?"

"ನನಗೂ ತಿಳೀವಲ್ದು ಅತ್ತಿ."

"ಬೇರೆ ಅತ್ತಿ ಇರಬೇಕು. ತಡಿ, ಬರ್ತಾಳ."

ಬೇರೆ ಅತ್ತೆ ಬರಲಿಲ್ಲ. ಹಿತ್ತಲ ಕೋಣೆ ಬಂತು, ಅವಳು ಹಸಿದು ಕೂತದ್ದು ಬಂತು. ತಾಟು ಬರಲಿಲ್ಲ. ಅವಳು ನೀರು ಕುಡಿದು ಮಲಗಿದಳು. ಆಗ ಕತ್ತಲಲ್ಲಿ ನನಗೆ ತಿಳಿಯಿತು. ಆ ಊಟ ಪಿಕ್ಚರಿನಲ್ಲಿ ಎಂದೂ ಇರಲಿಲ್ಲ. ಅದನ್ನು ಹಾಕಿದವಳು ನಾನು. ರಾಟೆ ತಿರುಗಿಸುತ್ತ ಹೇಳುವಾಗ ಯಾವಾಗಲೋ ಅವಳ ಹಸಿವು ತಡೆಯಲಾರದೆ ಉಣ್ಣಿಸಿದ್ದೆ, ಆಮೇಲೆ ನಾನೇ ನಂಬಿದ್ದೆ. ಆ ಪಿಕ್ಚರಿನಲ್ಲಿ ಮಂದಿಗೆ ಎಲ್ಲಕ್ಕಿಂತ ಸೇರಿದ ಜಾಗ ನನ್ನದಾಗಿತ್ತು.

ಅಲ್ಲಿಂದ ಮುಂದೆ ಅವಳು ಬಡಿಸಿದ್ದನ್ನೇ ನೋಡುತ್ತ ಕೂತೆ. ಮದುವೆಯಲ್ಲಿ ಬಡಿಸಿದಳು, ಹಬ್ಬದಲ್ಲಿ ಬಡಿಸಿದಳು, ಬೈಸಿಕೊಂಡು ಬಡಿಸಿದಳು. ಒಮ್ಮೆಯೂ ಉಣ್ಣಲಿಲ್ಲ. ಕೊನೆಗೆ ಎಲ್ಲರೂ ಕಾಲಿಗೆ ಬಿದ್ದಾಗ ಸುತ್ತಲಿನ ಹೆಂಗಸರು ಬಿಕ್ಕತೊಡಗಿದರು. ನನಗೆ ಸಿಟ್ಟು ಬಂತು. ಇಷ್ಟು ವರ್ಷ ದುಡಿಸಿಕೊಂಡು ಅವಳ ಕಾಲಿನ ಮೇಲೆ ತಲೆ ಇಟ್ಟರೆ ಆಯಿತೇ? ಆ ತಲೆಗಳನ್ನು ಅವಳು ಏನು ಮಾಡಬೇಕು?

ದೀಪ ಹತ್ತಿದ ಕೂಡಲೆ ಅತ್ತೆ ನೇರ ಬಾಗಿಲು ಕಾಯುವವನ ಹತ್ತಿರ ಹೋದರು. "ಏನಪಾ, ಊಟದ್ದು ಕತ್ತರಿಸಿ ಇಟ್ಕೊಂಡಿರೇನ?"

"ಯಾವ ಊಟರಿ ಅಮ್ಮಾ?"

"ಅತ್ತಿ ಬಂದು ಸೊಸಿಗೆ ತುತ್ತ ಹಾಕೂದು."

"ಅತ್ತಿ ಸತ್ತಾಳಲ್ರಿ. ಸತ್ತಾಕಿ ಬಂದು ಉಣ್ಣಸಾಕ ಇದೇನ ದೆವ್ವದ ಪಿಕ್ಚರ್ರೇನ್ರಿ?"

ಮಂದಿ ನಕ್ಕರು. ಅತ್ತೆ ನಗಲಿಲ್ಲ. ನನ್ನ ಮುಖ ನೋಡಿದರು.

ದಾರಿಯಲ್ಲಿ ಮೈದುನ ಕಣ್ಣೊರೆಸಿಕೊಂಡು ಬಂದ. "ನೋಡಿದ್ರಿಲ್ಲೋ ವೈನಿ? ನಾ ಹೇಳಿದ್ನೆಲ್ಲ, ಥೇಟ್ ನೀವ."

"ನನಗ ಸೇರಲಿಲ್ಲ."

"ಏನ ಸೇರಲಿಲ್ಲ?"

"ಪಿಕ್ಚರ್. ಆಕಿ ಒಂದ ತುತ್ತ ಉಣ್ಣಲಿಲ್ಲ."

"ಪಿಕ್ಚರ್‌ನ್ಯಾಗ ಊಟ ಯಾರು ನೋಡ್ತಾರ್ರಿ?"

ನೆಗೆಣ್ಣಿ ಹಿಂದಿನಿಂದ ಹೇಳಿದಳು. ಅವಳು ಬಾದಾಮಿಯ ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲಿ ಬೆಳೆದವಳು, ಮಾತಿಗೆ ಅಂಜುವವಳಲ್ಲ. "ಯಾಕ, ಮೈದುನರು ಉಂಡದ್ದು ನಾಕ ಸಲ ತೋರಿಸಿದ್ರಲ್ಲ?"

"ನೀ ಸುಮ್ಮನಿರು."

ನಾನು ರಸ್ತೆ ನೋಡುತ್ತಲೇ ಹೇಳಿದೆ. "ನಾಳೆ ಮಗ್ಗಕ್ಕ ಯಾರೂ ಬರೂದು ಬ್ಯಾಡ. ನಾನ ಕುಂದರತೇನಿ."

ಮೈದುನ ನಿಂತುಬಿಟ್ಟ. "ಹಂಗಾರ ಒಲಿ?"

"ಮುಂಜಾನಿದ್ದು ನಾ ಮಾಡ್ತೇನಿ. ಸಂಜಿದ್ದು ನೀವು ನೋಡ್ಕೋರಿ."

"ನಾ?"

ನೆಗೆಣ್ಣಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ದಾಪುಗಾಲು ಹಾಕಿ ಮುಂದೆ ಹೋದ. ನೇಕಾರನಿಗೆ ಬರಬೇಡ ಎಂದು ಹೇಳಿಕಳಿಸಲಿಲ್ಲ.

ಮರುದಿನ ನಾನು ರೊಟ್ಟಿ ಬಡಿದಿಟ್ಟು, ಬೆಳಗಾಗುತ್ತಲೇ ಕುಣಿಗೆ ಇಳಿದು ಕೂತೆ. ನೇಕಾರ ಬಂದು ಅಂಗಳದಲ್ಲಿ ನಿಂತ. ಮೈದುನ ಪಡಸಾಲೆಯ ಬಾಗಿಲಿಗೆ ಬಂದ. "ಏಳ್ರಿ ವೈನಿ. ಹೊರಗಿನವರ ಮುಂದ ಹಿಂಗ ಮಾಡಬ್ಯಾಡ್ರಿ."

ನಾನು ಏಳಲಿಲ್ಲ.

"ಓಣ್ಯಾಗ ಏನಂತಾರ? ಅಣ್ಣ ಸತ್ತ, ತಮ್ಮ ವೈನಿನ್ನ ಕುಣಿಗೆ ದಬ್ಬಿದ ಅಂತಾರ."

"ಯಾರೂ ದಬ್ಬಿಲ್ಲ, ಆಕಿನ ಇಳದಾಳ ಅಂತ ಹೇಳ್ರಿ. ನಿಮಗ ಆಗದಿದ್ರ ಓಣ್ಯಾಗ ನಿಂತು ನಾನ ಹೇಳ್ತೇನಿ."

ಇದು ನನ್ನದೇ ಧ್ವನಿಯೇ ಎಂದು ನನಗೇ ಅನುಮಾನವಾಯಿತು. ಮೈದುನ ಅಲ್ಲೇ ನಿಂತ. ನಾನು ಲಾಳಿ ಹಿಡಿದು ಕೂತೆ. ಅತ್ತೆ ರಾಟೆಯ ಹತ್ತಿರ ಕೂತಿದ್ದರು. ಅವರು ಯಾರ ಕಡೆ ಮಾತಾಡುತ್ತಾರೆ ಎಂದು ಅವನೂ ಕಾದ, ನಾನೂ ಕಾದೆ. ಅವರು ನೂಲಿನಿಂದ ಕಣ್ಣು ಎತ್ತದೆಯೇ ಹೇಳಿದರು.

"ಬಾಗಲದಾಗ ನಿಂದರಬ್ಯಾಡ. ಆಕಿಗೆ ಬೆಳಕ ಬೀಳವಲ್ದು."

ಅವನು ಸರಿದ. ಅಂಗಳದ ನೇಕಾರ ಸ್ವಲ್ಪ ಹೊತ್ತು ಲಾಳಿಯ ಸಪ್ಪಳ ಕೇಳಿ, ಬೀಡಿ ಹಚ್ಚಿಕೊಂಡು ಹೊರಟುಹೋದ.

ಸಿಟ್ಟಿನಲ್ಲಿ ನೆಯ್ದ ಆ ಸೀರೆಯ ಅಂಚಿನ ದಡಿ ಸೊಟ್ಟಗೆ ಬಂತು. ಅಂಗಡಿಯವರು ಮುಖ ಸಿಂಡರಿಸಿದರು. ಮುಂದಿನದೂ ಸೊಟ್ಟಗೇ ಬಂತು. ಆಮೇಲಿನವು ನೆಟ್ಟಗಾದವು. ಸಂಜೆಯ ಅಡಿಗೆಗೆ ಮೈದುನ ಬಾದಾಮಿಯಿಂದ ತನ್ನ ಅತ್ತೆಯನ್ನು ಕರೆಸಿದ. ದಸರೆಯವರೆಗೂ ಅವನು ನನ್ನ ಜೊತೆ ಮಾತು ಬಿಟ್ಟಿದ್ದ. ಬಿಟ್ಟರೆ ನನಗೇನು? ನಾನೂ ಮಾತು ಕಡಿಮೆಯವಳೇ.