ಯಾನ್ ತೆರೆದ ಎರಡು ಬಾಗಿಲು

ನನ್ನ ಹೆಸರು ಬಾಲಸುಬ್ರಹ್ಮಣ್ಯ. ಇದು ಅಮೆರಿಕದ ಯಾವ ಫಾರಂನ ಖಾನೆಯಲ್ಲೂ ಪೂರ್ತಿ ಕೂತಿಲ್ಲ, ಹಾಗಾಗಿ ಆಫೀಸಿನಲ್ಲಿ ಬರೀ ಬಾಲಾ. ಸ್ಯಾನ್ ಡಿಯಾಗೋದಲ್ಲಿ ಇಪ್ಪತ್ತಾರು ವರ್ಷ ಮೊಬೈಲ್ ಸಿಗ್ನಲ್ ಅಳೆಯುವ ಕೆಲಸ ಮಾಡಿ ನಿವೃತ್ತನಾದೆ. ಕಾರಿನಲ್ಲಿ ನಾಲ್ಕು ಫೋನು, ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಬೀದಿ ಬೀದಿ ಸುತ್ತಿ, ಯಾವ ತಿರುವಿನಲ್ಲಿ ಮಾತು ಕಟ್ಟಾಗುತ್ತದೆ ಎಂದು ಬರೆದುಕೊಳ್ಳುವುದು. ಇದಕ್ಕೆ ಡ್ರೈವ್ ಟೆಸ್ಟ್ ಅನ್ನುತ್ತಾರೆ. ಸಿಗ್ನಲ್ ಚೆನ್ನಾಗಿದೆಯೆಂದು ಕಂಪ್ಯೂಟರು ನಕ್ಷೆಗೆ ಎಷ್ಟೇ ಹಸಿರು ಬಳಿದು ತೋರಿಸಲಿ, ಒಬ್ಬ ಮನುಷ್ಯ ಅಲ್ಲಿಗೆ ಹೋಗಿ ಬರುವ ತನಕ ರಿಪೋರ್ಟಿಗೆ ಸಹಿ ಹಾಕಬಾರದು. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಮುಖ ಗಂಟಿಕ್ಕಿಕೊಂಡು ನಾನು ಹೇಳುತ್ತಿದ್ದ ಮಾತು ಇದು. ಮುಂದಿನ ಕಥೆ ಓದುವಾಗ ಇದು ನೆನಪಿನಲ್ಲಿರಲಿ.

ನಿವೃತ್ತಿಯಾದ ಮೇಲೆ ನನ್ನ ಹೆಂಡತಿ ನಿರುಪಮಾ ಒಂದು ಪ್ರವಾಸ ಹುಡುಕಿದಳು. ಫ್ರಾನ್ಸಿನ ಬ್ರಿಟನಿ ಎಂಬ ಸೀಮೆಯಲ್ಲಿ ನಾಂತ್ ಎಂಬ ಊರಿನಿಂದ ಬ್ರೆಸ್ಟ್ ತನಕ ಹಳೆಯ ಕಾಲುವೆಯೊಂದಿದೆ, ಉದ್ದ ಮುನ್ನೂರ ಅರವತ್ತನಾಲ್ಕು ಕಿಲೋಮೀಟರ್. ಹಿಂದೆ ದೋಣಿಗಳಿಗೆ ಹಗ್ಗ ಕಟ್ಟಿ ದಡದಿಂದ ಎಳೆಯುವವರು ನಡೆಯುತ್ತಿದ್ದ ಏರಿಯ ದಾರಿಯಲ್ಲಿ ಈಗ ಜನ ಸುಮ್ಮನೆ ಖುಷಿಗೆ ನಡೆಯುತ್ತಾರೆ. ೨೦೨೦ರ ಮೇ ತಿಂಗಳಿಗೆ ಟಿಕೆಟ್ ಆಯಿತು. ಗಟ್ಟಿ ಬೂಟು, ಎರಡು ಊರುಗೋಲು, ಕುತ್ತಿಗೆಯ ಹಿಂದೆ ಪರದೆ ಇಳಿಬಿದ್ದ ಟೋಪಿ ಎಲ್ಲ ಕೊಂಡೆ. ಆಮೇಲೆ ಏನಾಯಿತು ಎಂದು ಎಲ್ಲರಿಗೂ ಗೊತ್ತು. ವಿಮಾನ ನಿಂತಿತು, ಲೋಕವೇ ಬಾಗಿಲು ಹಾಕಿಕೊಂಡಿತು, ಟೋಪಿ ಮಾತ್ರ ಮನೆಯಲ್ಲಿ ಉಳಿಯಿತು.

ಎರಡು ತಿಂಗಳು ನಾನು ಮನೆಯೊಳಗೇ ಟೋಪಿ ಹಾಕಿಕೊಂಡು ಓಡಾಡಿದ್ದನ್ನು ನೋಡಿ ನಿರುಪಮಾ ಹೊರಗೆ ಅಟ್ಟಿದಳು. ಮಿಷನ್ ವ್ಯಾಲಿಯಲ್ಲಿ ಸ್ಯಾನ್ ಡಿಯಾಗೋ ನದಿಯ ಪಕ್ಕ ಒಂದು ಕಾಲುದಾರಿಯಿದೆ. ಒಂದು ಕಡೆ ಜೊಂಡು, ಇನ್ನೊಂದು ಕಡೆ ಮಾಲ್‌ನ ಪಾರ್ಕಿಂಗ್, ತಲೆಯ ಮೇಲೆ ಸೇತುವೆಯಲ್ಲಿ ಓಡುವ ಟ್ರಾಲಿ ಎಂಬ ಊರೊಳಗಿನ ರೈಲು. ನೆಲ ಅಂಗೈಯಷ್ಟು ಸಮ. ಅಂಥ ದಾರಿಯಲ್ಲಿ ಎರಡು ಊರುಗೋಲು ಊರಿಕೊಂಡು, ಬೆನ್ನಿಗೆ ಮೊಸರನ್ನದ ಚೀಲ ಹೊತ್ತು ನಡೆಯುವವನನ್ನು ನೋಡಿ ನಾಯಿ ಹಿಡಿದವರೆಲ್ಲ ದಾರಿ ಬಿಡುತ್ತಿದ್ದರು. ಗೌರವವೆಂದು ತಿಳಿದಿದ್ದೆ.

ಎಂಜಿನಿಯರ್ ಬುದ್ಧಿ ಎಲ್ಲಿ ಹೋಗುತ್ತದೆ? ಇಲ್ಲಿ ನಡೆದ ಕಿಲೋಮೀಟರುಗಳನ್ನು ಅಲ್ಲಿನ ಕಾಲುವೆಗೆ ಜಮಾ ಮಾಡುತ್ತಾ ಹೋದೆ. ಗೋಡೆಗೆ ನಕ್ಷೆ, ನಕ್ಷೆಗೆ ಗುಂಡುಸೂಜಿ. ಲಾಸ್ ಏಂಜಲೀಸಿನಲ್ಲಿರುವ ಮಗಳು ನಿಕಿತಾಳ ಮನೆಗೆ ಹೋದಾಗ ಅಲ್ಲಿನ ಕಾಂಕ್ರೀಟ್ ಹಾಸಿದ ನದಿಯ ಪಕ್ಕ ನಡೆದದ್ದೂ ಸೇರಿತು. ಯಾರೋ ಎಸೆದ ಶಾಪಿಂಗ್ ಗಾಡಿಯ ಮೇಲೆ ಬಕಪಕ್ಷಿ ಕೂತಿದ್ದ ಆ ಜಾಗವನ್ನು ನಾನು ಬ್ರಿಟನಿಯ ಕಾಲುವೆ ದಡದಲ್ಲಿರುವ ಜೋಸ್ಲಿನ್ ಕೋಟೆಯ ಬುಡವೆಂದು ಗುರುತು ಹಾಕಿಕೊಂಡೆ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಮ್ಮ ಕನ್ನಡದವರ ವಾಟ್ಸ್ಯಾಪ್ ಗುಂಪಿಗೆ ನಡೆಯುತ್ತಲೇ ದಿನಕ್ಕೊಂದು ಧ್ವನಿಸಂದೇಶ ಕಳಿಸತೊಡಗಿದೆ. ಮೊದಲನೆಯದರಲ್ಲಿ ಇದೆಲ್ಲ ಸಿಮ್ಯುಲೇಶನ್ ಅಂತ ಸ್ಪಷ್ಟವಾಗಿಯೇ ಹೇಳಿದ್ದೆ. ಎರಡನೆಯದರಿಂದ ಬಿಟ್ಟೆ, ಪ್ರತಿ ದಿನ ಏನು ಹೇಳುವುದು ಅಂತ. ಇಂದು ರೆದೋಂ ಊರು ದಾಟಿದೆ, ದಡದ ತುಂಬ ನೀಲಿ ಹೈಡ್ರೇಂಜಿಯಾ, ಹೀಗೆ. ಹೂವಿನ ಬಣ್ಣ ಇಂಟರ್ನೆಟ್ಟಿನದು, ಏದುಸಿರು ಮಾತ್ರ ನನ್ನದೇ. ಅಪ್ಪಾ, ದಟ್ಸ್ ಲೈಯಿಂಗ್ ಎಂದು ನಿಕಿತಾ ಒಮ್ಮೆ ಅಂದಳು. ಅವಳಿಗೆ ಕನ್ನಡದ ರಸ ತಿಳಿಯದು ಎಂದು ಸಮಾಧಾನ ಮಾಡಿಕೊಂಡೆ.

ಮರುವರ್ಷದ ಕೊನೆಗೆ, ವಿಮಾನಗಳು ಮತ್ತೆ ಹಾರುವ ಹೊತ್ತಿಗೆ, ನಮ್ಮೂರಿನದೇ ಕರ್ನಿ ಮೆಸಾ ಬಡಾವಣೆಯಲ್ಲಿ ಕೆಲಸ ಮಾಡುವ ಸಿದ್ದಲಿಂಗಯ್ಯ ಗುಂಪಿಗೆ ಸೇರಿದ. ಅವನು ನನ್ನ ಮೊದಲ ಸಂದೇಶ ಕೇಳಲಿಲ್ಲ. ಗುಂಪಿನಲ್ಲಿ ಹಿಂದಕ್ಕೆ ಹೋಗಿ ಯಾರು ಕೇಳುತ್ತಾರೆ? ಅವನ ತಾಯಿ ಶಂಕ್ರವ್ವ, ಎಪ್ಪತ್ತಾರು ವರ್ಷ, ಗೋಕಾಕದ ಕಡೆಯವರು, ಮಂಡಿನೋವಿನಿಂದ ಮನೆ ಬಿಟ್ಟು ಹೊರಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ಮಗನ ಫೋನಿನಲ್ಲಿ ನನ್ನ ಸಂದೇಶ ಕೇಳುತ್ತಾರೆಂದು ಸುದ್ದಿ ಬಂತು. ನನಗೆ ಕೊಂಬು ಮೂಡಿತು. ಸಂದೇಶ ಮೂರು ನಿಮಿಷದಿಂದ ಒಂಬತ್ತಕ್ಕೆ ಬೆಳೆಯಿತು.

ಅದೇ ಅಮಲಿನಲ್ಲಿ ಯಾನ್‌ನನ್ನು ಹುಟ್ಟಿಸಿದೆ. ಎತ್ತರದ ನೀರಿನಿಂದ ತಗ್ಗಿನ ನೀರಿಗೆ ದೋಣಿ ಇಳಿಸಲು ಆ ಕಾಲುವೆಯಲ್ಲಿ ಅಲ್ಲಲ್ಲಿ ಕಲ್ಲಿನ ತೊಟ್ಟಿಗಳಿವೆ, ಎರಡು ತುದಿಗೆ ಎರಡು ಬಾಗಿಲು. ಅಂಥ ಒಂದು ತೊಟ್ಟಿ ಕಾಯುವ ಮುದುಕ ಯಾನ್. ಬಿಳಿ ಮೀಸೆ, ಹರಿದ ಸ್ವೆಟರ್. ನನ್ನನ್ನು ಕಂಡು ಕೈಯಾಡಿಸಿ, ಎರಡೂ ಬಾಗಿಲನ್ನು ಅಗಲವಾಗಿ ತೆರೆದು ದೋಣಿಯನ್ನು ಸೀದಾ ದಾಟಿಸಿಬಿಟ್ಟ ಎಂದು ವರ್ಣಿಸಿದೆ. ಮೂವತ್ತೆರಡು ಲೈಕು ಬಂತು.

ಮಾರನೆಯ ದಿನ ಸಿದ್ದಲಿಂಗಯ್ಯ ಮನೆಗೆ ಬಂದು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕೊಟ್ಟು ಹೋದ. ಫ್ರಾನ್ಸಿನಿಂದ ಹಿಂದಿರುಗಿದಾಗ ತಿನ್ನಲಿ, ಅಷ್ಟು ನಡೆದು ಸೊರಗಿರಬೇಕು ಅಂತ ಅವ್ವ ಕಳಿಸಿದ್ದಂತೆ. ಬಾಗಿಲು ತೆಗೆದದ್ದು ನಿರುಪಮಾ. ನಾನು ನಾಲ್ಕು ಪೌಂಡು ಹೆಚ್ಚಾಗಿ, ಸೋಫಾದ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದೆ. ಅವನು ಹೋದ ಮೇಲೆ ರೊಟ್ಟಿಯನ್ನಂತೂ ತಿಂದೆ. ತುಂಬ ಚೆನ್ನಾಗಿತ್ತು.

ಅಲ್ಲಿಂದ ಮುಂದೆ ವಾರಕ್ಕೊಮ್ಮೆ ಶಂಕ್ರವ್ವನ ಪ್ರಶ್ನೆ ಬರುತ್ತಿತ್ತು, ಒಂದೇ ಪ್ರಶ್ನೆ: ಯಾನ್ ಹ್ಯಾಂಗದಾನ? ನಾನು ಅವನ ತೊಟ್ಟಿಯ ಆಸುಪಾಸಿನಲ್ಲೇ ಬೀಡುಬಿಟ್ಟು, ಯಾನ್‌ಗೆ ಕೆಮ್ಮು ತರಿಸಿದೆ, ಕೆಮ್ಮು ವಾಸಿ ಮಾಡಿದೆ. ಅವನ ತೋಟದಲ್ಲಿ ಎಲೆಕೋಸು ಬೆಳೆಸಿದೆ.

೨೦೨೨ರ ಮಾರ್ಚಿನಲ್ಲಿ ಸಿದ್ದಲಿಂಗಯ್ಯ ಫೋನ್ ಮಾಡಿ ಸಂತೋಷದ ಸುದ್ದಿ ಹೇಳಿದ. ಅವ್ವನನ್ನು ಬ್ರಿಟನಿಗೆ ಕರೆದುಕೊಂಡು ಹೋಗುತ್ತಾನಂತೆ. ವ್ಹೀಲ್‌ಚೇರ್ ನೋಡಿದ್ದಾನೆ, ರಜೆ ಅಪ್ಲೈ ಮಾಡಿದ್ದಾನೆ, ಗುರುವಾರ ಲಾಸ್ ಏಂಜಲೀಸಿನಲ್ಲಿ ವೀಸಾ ಅಪಾಯಿಂಟ್‌ಮೆಂಟ್ ಇದೆ. ಊರಲ್ಲಿ ನಮ್ಮ ಅಪ್ಪ ಇಪ್ಪತ್ತೇಳು ವರ್ಷ ಕಾಲುವೆಯ ಗೇಟು ಕಾಯುವ ಕೆಲಸದಲ್ಲಿದ್ದರು, ಅವ್ವನಿಗೆ ಯಾನ್‌ನನ್ನು ಒಮ್ಮೆ ತೋರಿಸಿಬಿಟ್ಟರೆ ನನ್ನ ಜನ್ಮ ಸಾರ್ಥಕ ಅಂದ. ಯಾನ್‌ನ ಫೋನ್ ನಂಬರ್ ಇದೆಯಾ ಅಂಕಲ್ ಎಂದು ಕೇಳಿದ.

ಅವನ ಡ್ಯೂಟಿ ಬದಲಾಗುತ್ತಿರುತ್ತದೆ ಎಂದು ಬಡಬಡಿಸಿ ಫೋನಿಟ್ಟೆ. ಆಡದ ಮಂಡಿಯ ಹೆಂಗಸೊಬ್ಬರು ಹನ್ನೊಂದು ಗಂಟೆ ವಿಮಾನದಲ್ಲಿ ಕೂತು, ನನ್ನ ಬಾಯಿಚಪಲಕ್ಕೆ ಹುಟ್ಟಿದ ಮನುಷ್ಯನನ್ನು ಹುಡುಕಿಕೊಂಡು ಹೊರಡುವವರಿದ್ದರು. ನಿರುಪಮಾಳಿಗೆ ಹೇಳಿದೆ. ಅವಳು ಬೈಯಲಿಲ್ಲ. ರಿಪೋರ್ಟಿಗೆ ನಿಮ್ಮ ಸಹಿ ಬಿದ್ದ ಮೇಲೆ ಹೋಗದೆ ಇರ್ತಾರಾ ಎಂದಳು ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಮಂಗಳವಾರ ಮಧ್ಯಾಹ್ನ, ಸಿದ್ದಲಿಂಗಯ್ಯ ಆಫೀಸಿನಲ್ಲಿರುವ ಹೊತ್ತು ನೋಡಿಕೊಂಡು ಅವರ ಮನೆಗೆ ಹೋದೆ. ಶಂಕ್ರವ್ವ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಸಣ್ಣ ಜೀವ, ಹಣೆಯಲ್ಲಿ ವಿಭೂತಿ. ದಾರಿಯುದ್ದಕ್ಕೂ ತಾಲೀಮು ಮಾಡಿದ್ದ ಪೀಠಿಕೆಯೆಲ್ಲ ಮರೆತುಹೋಗಿ, ನಾನು ಬ್ರಿಟನಿಗೆ ಹೋಗೇ ಇಲ್ಲ, ಯಾನ್ ಅಂತ ಯಾರೂ ಇಲ್ಲ, ಮಾಲ್‌ನ ಹಿಂದೆ ನಡೆದು ಬಂದು ಸುಳ್ಳು ಹೇಳಿದ್ದೀನಿ ಎಂದು ಒಂದೇ ಉಸಿರಿಗೆ ಒದರಿದೆ.

ಅವರ ಕೈ ನಿಲ್ಲಲಿಲ್ಲ. "ಗೊತ್ತೈತ್ರಿ," ಎಂದರು. "ಎರಡೂ ಬಾಗಲಾ ಕೂಡೇ ತಗದ್ರ ನೀರು ನಿಂದರತೈತೇನ್ರಿ? ಒಂದು ಮುಚ್ಚಬೇಕು, ಒಂದು ತಗೀಬೇಕು. ಅಂಥಾ ಯಾನ್ ಒಂದು ದಿನಾನೂ ಕೆಲಸದಾಗ ಉಳೀತಿರಲಿಲ್ಲ."

ನಾನು ಎಂಜಿನಿಯರಿಂಗ್ ಓದಿದವನು, ಮೊದಲ ದರ್ಜೆ. ಎರಡು ಬಾಗಿಲು ಯಾಕಿವೆ ಎಂದು ಒಂದು ಕ್ಷಣವೂ ಯೋಚಿಸಿರಲಿಲ್ಲ. ಹಾಗಿದ್ದರೆ ಇಷ್ಟು ದಿನ ಯಾಕೆ ಕೇಳಿದಿರಿ ಎಂದೆ. ನನ್ನ ಮಾತಿನ ಸೊಗಸಿಗೆ ಎಂಬ ಉತ್ತರ ಬರಬಹುದೆಂದು ಆಗಲೂ ಒಂದು ಆಸೆಯಿತ್ತು, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

"ನಡುವ ನೀವು ದಮ್ಮು ಹತ್ತಿ ಸುಮ್ಮ ನಿಂದರತಿದ್ರಿ. ಆವಾಗ ಹಿಂದ ನೀರಿನ ಸಪ್ಪಳ ಬರ್ತಿತ್ತು. ಅದನ್ನ ಕೇಳಾಕ."

ಗೇಟಿನ ಪಕ್ಕದ ಕ್ವಾರ್ಟರ್ಸಿನಲ್ಲಿ ಇಪ್ಪತ್ತೇಳು ವರ್ಷ ಅಡುಗೆ ಮಾಡಿದ್ದು, ಮಕ್ಕಳನ್ನು ಹೆತ್ತದ್ದು, ಜಗಳ ಆಡಿದ್ದು ಎಲ್ಲ ಆ ಸಪ್ಪಳದಲ್ಲೇ ಎಂದು ಹೇಳಿದರು. ಇಲ್ಲಿಗೆ ಬಂದ ಮೇಲೆ ಕಿವಿ ಖಾಲಿ. ನನ್ನ ಒಂಬತ್ತು ನಿಮಿಷದಲ್ಲಿ ಅವರು ಕಾದು ಕೂತದ್ದು ನಾನು ಬಾಯಿ ಮುಚ್ಚುತ್ತಿದ್ದ ಹತ್ತು ಸೆಕೆಂಡಿಗೆ.

ಯಾನ್‌ನನ್ನು ಯಾಕೆ ವಾರ ವಾರ ವಿಚಾರಿಸುತ್ತಿದ್ದಿರಿ ಎಂದು ಕೇಳಿದೆ. ಈ ಸಲ ಅವರ ಕೈ ನಿಂತಿತು. ಸೊಪ್ಪಿನ ಕಡೆಗೇ ನೋಡುತ್ತಾ ಹೇಳಿದರು.

"ನಾವು ಮನಿಯವರ ಹೆಸರು ಹೇಳೂದಿಲ್ರಿ. ಅವರಿದ್ದಾಗೂ ಹೇಳಿಲ್ಲ, ಹೋದ ಮ್ಯಾಲೂ ಹೇಳಿಲ್ಲ. ಯಾನ್ ಅಂದ್ರ ಹೇಳಬೌದಿತ್ತು. ಹ್ಯಾಂಗದಾನ ಅಂತ ಕೇಳಬೌದಿತ್ತು."

ಆ ಮುದುಕನಿಗೆ ನಾನು ಸುಮ್ಮನೆ ತಮಾಷೆಗೆ ಕೆಮ್ಮು ತರಿಸಿದ್ದ ವಾರ ಇವರು ಹೇಗೆ ಕಳೆದರೋ ಏನೋ.

ಫ್ರಾನ್ಸಿಗೆ ಹೋಗಲು ಅವರಿಗೆ ಮನಸ್ಸೇ ಇರಲಿಲ್ಲ. ಮಗ ಅಷ್ಟು ಉತ್ಸಾಹದಿಂದ ಓಡಾಡುವಾಗ ಬೇಡ ಅನ್ನಲು ಬಾಯಿ ಬಂದಿರಲಿಲ್ಲ. ನೀವ ಹೇಳ್ರಿ ಎಂದು ನನಗೆ ಒಪ್ಪಿಸಿದರು. ಸಂಜೆ ಸಿದ್ದಲಿಂಗಯ್ಯನಿಗೆ ಎಲ್ಲ ಹೇಳಿದೆ. ನೀವು ಹೇಳುತ್ತಿದ್ದ ಆ ಜೋಸ್ಲಿನ್ ಕೋಟೆನಾದರೂ ಇದೆಯಾ ಅಂಕಲ್ ಎಂದು ಅವನು ಕೇಳಿದ. ಇದೆ, ಫೋಟೋದಲ್ಲಿ ನೋಡಿದ್ದೀನಿ ಎಂದೆ. ಅಂದಿನಿಂದ ನನ್ನನ್ನು ಕಂಡರೆ ಅವನು ಸ್ವಲ್ಪ ದೂರ. ತಪ್ಪಿಲ್ಲ.

ಗುರುವಾರಕ್ಕೆ ಅವನು ಹಾಕಿದ್ದ ರಜೆ ಹಾಗೇ ಇತ್ತು. ಲಾಸ್ ಏಂಜಲೀಸಿನ ಬದಲು ಮಿಷನ್ ವ್ಯಾಲಿಗೆ ಡ್ರೈವ್ ಮಾಡಿ, ಅವ್ವನನ್ನು ವ್ಹೀಲ್‌ಚೇರಿನಲ್ಲಿ ತಳ್ಳಿಕೊಂಡು ಬಂದ. ನಿರುಪಮಾ ಬುತ್ತಿ ಹಿಡಿದಿದ್ದಳು. ನಾನು ಊರುಗೋಲು, ಟೋಪಿ ಎಲ್ಲ ಮನೆಯಲ್ಲೇ ಬಿಟ್ಟು, ದಾರಿ ತೋರಿಸುತ್ತಾ ಮುಂದೆ ನಡೆದೆ. ಮಾಲ್ ಹಿಂದೆ, ರಸ್ತೆಯ ಕೆಳಗೆ ಹಾದುಬರುವ ನದಿ ಮೊಳಕಾಲೆತ್ತರದ ಕಲ್ಲುಗಳಿಂದ ಧುಮುಕುವ ಜಾಗವಿದೆ. ನನಗೆ ದಿನಾ ದಮ್ಮು ಹತ್ತುತ್ತಿದ್ದುದು ಅಲ್ಲೇ. ಚಳಿಗಾಲದ ಮಳೆ ನೀರು ಇನ್ನೂ ಚೆನ್ನಾಗಿ ಬರುತ್ತಿತ್ತು.

ಈ ನೀರು ಸೆಕೆಂಡಿಗೆ ಎಷ್ಟು ಹರಿಯುತ್ತದೆ ಎಂದು ನಾನು ಶುರು ಮಾಡುತ್ತಿದ್ದಂತೆ ನಿರುಪಮಾ ನನ್ನ ಕಾಲು ತುಳಿದಳು. ಸುಮ್ಮನೆ ಕೂತೆ. ಶಂಕ್ರವ್ವ ಕಣ್ಣು ಮುಚ್ಚಿಕೊಂಡಿದ್ದರು. ಟ್ರಾಲಿ ಎರಡು ಸಲ ಹೋಯಿತು. ನನ್ನ ಜೀವಮಾನದಲ್ಲಿ ಎಚ್ಚರವಾಗಿದ್ದು ಅಷ್ಟು ಹೊತ್ತು ಮಾತಾಡದೆ ಇದ್ದದ್ದು ಅದೇ ಮೊದಲು.

ಅವರು ಕಣ್ಣು ತೆರೆದು ನನ್ನ ಕಡೆ ತಿರುಗಿದರು.

"ಇವತ್ತ ಯಾನ್ ಹ್ಯಾಂಗದಾನ್ರಿ?"

ನಾನು ಎದ್ದು ನೀರಿನ ಅಂಚಿಗೆ ಹೋದೆ. ಬಗ್ಗಿ, ಕಲ್ಲಿನ ಮೇಲಿನ ನೀರು, ಕೆಳಗಿನ ನೀರು ಎರಡನ್ನೂ ಸರಿಯಾಗಿ ನೋಡಿ ಬಂದೆ.

"ಆರಾಮಾಗಿದ್ದಾನೆ ಅವ್ವಾ," ಎಂದೆ. "ಈಗ ಒಂದೊಂದೇ ಬಾಗಿಲು ತೆಗೀತಾನೆ."